ನಲ್ಲಿ ತಿರುಗಿಸಿದರೆ ಎಲೆ ಉದುರುವ ಮರ

ಪೈಪು, ನಲ್ಲಿ, ವಾಷರು ಮಾರಿಕೊಂಡು ತಣ್ಣಗಿದ್ದ ಮನುಷ್ಯ ಬೆಳಗಾಗುವುದರೊಳಗೆ ಶಿಕ್ಷಣ ತಜ್ಞನಾಗಬೇಕಾದರೆ ಏನಾಗಬೇಕು? ದೊಡ್ಡದೇನೂ ಆಗಬೇಕಿಲ್ಲ. ಮೂರನೇ ತರಗತಿಯ ಟೀಚರೊಬ್ಬರು ಅವನಿಗೆ ಸೊನ್ನೆ ಕೊಟ್ಟರೆ ಸಾಕು.

ನಮ್ಮ ಮೇಷ್ಟ್ರು ಮೇಷ್ಟ್ರಾದದ್ದು ಹೀಗೇ. ಅದಕ್ಕೆ ಮುಂಚೆ ಅವರು ಬೀದಿಗೆಲ್ಲ ಬರೀ ಪೈಪಿನಂಗಡಿಯವರು. ಶಾಲೆಯಲ್ಲಿ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಎಲೆ ಉದುರುವ ಕಾಲ ಬಂತು, ಅದನ್ನು ತೋರಿಸುವಂಥದ್ದು ಏನಾದರೂ ನೀವೇ ಮಾಡಿಕೊಂಡು ಬನ್ನಿ, ಅಂತ. ಅವರ ಮಗಳು ಬೀದಿಯಲ್ಲಿ ಬಿದ್ದಿದ್ದ ನಾಲ್ಕು ಹಳದಿ ಎಲೆ ಆರಿಸಿ ತಂದು, ನಾಲಿಗೆ ಹೊರಗೆ ಹಾಕಿಕೊಂಡು, ರಟ್ಟಿಗೆ ಅಂಟಿಸುತ್ತ ಕೂತಿದ್ದಳು. ಅಪ್ಪ ನೋಡಿದರು. ನೋಡಿ, ಪಾಪ ಅನ್ನುವ ಹಾಗೆ ನಕ್ಕರು.

"ಇದೇನೇ ಇದು? ಪೈಪಿನಂಗಡಿಯವನ ಮಗಳು ರಟ್ಟು ಹಿಡ್ಕೊಂಡು ಶಾಲೆಗೆ ಹೋಗ್ತಾಳಾ? ಸರಿ ಆ ಕಡೆ."

ಮಗಳು ಆ ಕಡೆ ಸರಿದಳು. ಸರಿದವಳನ್ನು ಮತ್ತೆ ಈ ಕಡೆ ಯಾರೂ ಕರೆಯಲಿಲ್ಲ. ಅಪ್ಪ ಅಂಗಡಿಯಿಂದ ಪೈಪು ತಂದರು, ಕೊಯ್ದರು, ಬಗ್ಗಿಸಿದರು, ಕೊಂಬೆ ಕೂಡಿಸಿದರು. ಮಗಳಷ್ಟೇ ಎತ್ತರದ ಪ್ಲಾಸ್ಟಿಕ್ ಮರವೊಂದು ಎದ್ದು ನಿಂತಿತು. ಬಣ್ಣದ ಕಾಗದದ ಎಲೆಗಳು, ಪ್ರತಿ ಎಲೆಗೂ ಒಂದು ದಾರ, ದಾರಗಳೆಲ್ಲ ಪೈಪಿನೊಳಗಿಂದ ಇಳಿದು ಬುಡದಲ್ಲಿದ್ದ ಒಂದು ಹೊಳೆಯುವ ಹಿತ್ತಾಳೆ ನಲ್ಲಿಗೆ ಗಂಟು. ನಲ್ಲಿ ತಿರುಗಿಸಿದರೆ ದಾರ ಎಳೆದು ಎಲೆ ಉದುರಬೇಕು. ಪ್ರಕೃತಿ ಇಷ್ಟು ವರ್ಷ ಮಾಡಿಕೊಂಡು ಬಂದ ಕೆಲಸದಲ್ಲಿ ಒಂದು ನಲ್ಲಿಯ ಕೊರತೆಯಿತ್ತು ನೋಡಿ, ಅದನ್ನು ನಮ್ಮವರು ತುಂಬಿಕೊಟ್ಟರು.

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೆಲ್ಲ ಊರವರ ರಕ್ತ ಪರೀಕ್ಷೆ ಮಾಡಿ ಮನೆಗೆ ಬಂದಾಕೆ. ಬಾಗಿಲಲ್ಲೇ ನಿಂತು ಮರವನ್ನು ಮೇಲಿಂದ ಕೆಳಗೆ ನೋಡಿದಳು.

"ಎಲೆ ಯಾವುದ್ರಲ್ಲಿ ಅಂಟಿಸಿದ್ರಿ?"

"ಪೈಪಿನ ಗಮ್ಮು! ನೀರಲ್ಲಿ ನೆನೆಸಿದ್ರೂ ಬಿಡಲ್ಲ."

"ಉದುರಬೇಕಾದ ಎಲೆನಾ?"

"ನಿಂಗೆ ಗೊತ್ತಾಗಲ್ಲ ಸುಮ್ನಿರು," ಎಂದರು. ಆಕೆ ಸುಮ್ಮನಾದಳು. ಸುಮ್ಮನಿದ್ದು ನೋಡುವುದು ಆಕೆಯ ಉದ್ಯೋಗವೇ ಆಗಿತ್ತಲ್ಲ.

ಪೋಷಕರ ಸಭೆಯ ದಿನ, ಎಲ್ಲ ಅಪ್ಪ ಅಮ್ಮಂದಿರ ಎದುರು, ನಮ್ಮವರು ಮರವನ್ನು ಟೀಚರ ಮೇಜಿನ ಮೇಲೆ ನಿಲ್ಲಿಸಿ ಗಂಟಲು ಸರಿಮಾಡಿಕೊಂಡು ನಲ್ಲಿ ತಿರುಗಿಸಿದರು. ಒಂದು ಎಲೆಯೂ ಅಲ್ಲಾಡಲಿಲ್ಲ. ಇನ್ನೊಂದು ಸುತ್ತು. ಊಹೂಂ. ಮರವನ್ನು ಹಿಡಿದು ಅಲುಗಾಡಿಸಿದರು. ಮೇಜು ಅಲುಗಿತು, ಟೀಚರ ನೀರಿನ ಲೋಟ ಉರುಳಿತು, ಎಲೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಿಂದಿನ ಸಾಲಿನಿಂದ ಯಾರೋ "ಒಳಗೆ ವಾಷರ್ ಹೋಗಿರಬೇಕು" ಅಂದರು. ಸಭೆಯೆಲ್ಲ ಘೊಳ್ಳೆಂದಿತು.

ಟೀಚರು ಮಾತ್ರ ನಗಲಿಲ್ಲ. ಅವರದು ಮೆಲುದನಿ. ಮೇಜು ಒರೆಸಿಕೊಂಡು, ಬೇಸರವಿಲ್ಲದೆ ಹೇಳಿದರು: "ಮಗು ಮಾಡಿದ್ದರೆ ಅಂಕ ಕೊಡ್ತಿದ್ದೆ. ಇದು ನೀವು ಮಾಡಿದ್ದು. ನೀವು ನನ್ನ ತರಗತಿಯಲ್ಲಿಲ್ಲ." ಹಾಗಂದು ಮರವನ್ನೆತ್ತಿ ಬಾಗಿಲ ಹಿಂದೆ ಇಟ್ಟರು.

ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಮೆಲುದನಿಯ ಸೊನ್ನೆಯನ್ನು ಯಾರು ತಡೆದುಕೊಳ್ಳುತ್ತಾರೆ? ನಮ್ಮವರ ಕಿವಿ ಕೆಂಪಾಯಿತು, ಮೀಸೆ ನಡುಗಿತು. "ಇಂಥ ಶಾಲೆಗೆ ನನ್ನ ಮಗಳನ್ನ ಕಳಿಸಲ್ಲ! ಇವತ್ತಿಂದ ನನ್ನ ಮನೆನೇ ಶಾಲೆ!" ಎಂದು ಗುಡುಗಿ, ಮಗಳ ಕೈಹಿಡಿದು ದರದರ ಹೊರಟರು. ಮಗಳು ಬಾಗಿಲು ದಾಟುವವರೆಗೂ ಹಿಂತಿರುಗಿ ನೋಡುತ್ತಲೇ ಇದ್ದಳು. ಅವಳ ಎರಡು ಜಡೆಯ ಗೆಳತಿ ಬೆಂಚಿನ ಮೇಲೆ ಹತ್ತಿ ಕೈಬೀಸುತ್ತಿದ್ದಳು.

ಶಿಕ್ಷಣ ಇಲಾಖೆಗೆ ಅರ್ಜಿ ಹೋಯಿತು. ಅಲ್ಲಿಯ ಅಧಿಕಾರಿಗಳೊಬ್ಬರು, ಮನೆಯಲ್ಲೇ ಕಲಿಸುವುದು ತಪ್ಪೇನಲ್ಲ, ಮರಗಳು ಬೋಳಾಗುವವರೆಗೆ ಕಲಿಸಿ ನೋಡಿ, ಆಮೇಲೆ ನಾನೇ ಬಂದು ಪರೀಕ್ಷೆ ಮಾಡುತ್ತೇನೆ, ಮಗು ಕಲಿತಿಲ್ಲ ಅಂತಾದರೆ ಮತ್ತೆ ಅದೇ ಶಾಲೆಗೇ ಕಳಿಸಬೇಕು, ಎಂದರು. ಅದೇ ಶಾಲೆ ಅಂದರೆ ಅದೇ ಟೀಚರು. ಅದೇ ಬಾಗಿಲು. ಆ ಬಾಗಿಲ ಹಿಂದೆ ಅದೇ ಮರ. ಅದಕ್ಕಿಂತ ಈ ಬೀದಿ ಬಿಟ್ಟು ಬೇರೆ ಕಡೆ ಅಂಗಡಿ ಇಟ್ಟೇನು ಅಂತ ನಮ್ಮವರು ಹೆಂಡತಿಯ ಎದುರು ಶಪಥ ಮಾಡಿದರು.

ಕಲಿಸುವುದೇನು ಕಷ್ಟ? ಗೋಡೆಯೊಳಗೆ ಕೂಡಿ ಹಾಕುವ ವಿದ್ಯೆ ವಿದ್ಯೆಯೇ ಅಲ್ಲ ಎಂದು ತೀರ್ಮಾನಿಸಿ, 'ಶರತ್ಕಾಲೀನ ಕ್ಷೇತ್ರದರ್ಶನ' ಎಂಬ ಭಾರಿ ಹೆಸರಿಟ್ಟು, ಒಂದು ಫ್ಲಾಸ್ಕ್ ಟೀ, ಒಂದು ಪೊಟ್ಟಣ ಬಿಸ್ಕತ್ತು ಚೀಲಕ್ಕೆ ಹಾಕಿಕೊಂಡು, ಅಂಗಡಿಯಲ್ಲಿ ಆಳನ್ನು ಕೂರಿಸಿ, ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋದರು.

ಪಾರ್ಕಿನಲ್ಲಿ ಮರಗಳಿದ್ದವು. ಅಲ್ಲಿಗೆ ಮೇಷ್ಟ್ರ ಪಾಂಡಿತ್ಯ ಮುಗಿಯಿತು.

"ಅಪ್ಪ, ಇದು ಯಾವ ಮರ?"

"ನೀನೇ ಹೇಳು ನೋಡೋಣ."

"ನಂಗೊತ್ತಿಲ್ಲ."

"ಭೇಷ್! ಗೊತ್ತಿಲ್ಲ ಅಂತ ಗೊತ್ತಾಯ್ತಲ್ಲ, ಅಲ್ಲಿಂದಲೇ ಕಲಿಕೆ ಶುರು."

"ನಿಂಗೊತ್ತಾ ಅಪ್ಪ?"

"ನಾನು ಹೇಳಬಾರದು. ಮಗು ತಾನಾಗೇ ಕಂಡುಕೊಳ್ಳಬೇಕು. ಅದೇ ನಮ್ಮ ಪದ್ಧತಿ."

ಎಂಥ ಅನುಕೂಲದ ಪದ್ಧತಿ ಅಂತೀರಿ! ಎಲೆ ಯಾಕೆ ಹಳದಿ ಆಯ್ತು? ನೀನೇ ಕಂಡುಕೋ. ಆ ಹಕ್ಕಿಗಳು ಸಾಲಾಗಿ ಎಲ್ಲಿಗೆ ಹೋಗ್ತಿವೆ? ಕಂಡುಕೋ. ಅಪ್ಪ, ಮನೆಗೆ ಯಾವ ದಾರಿ? ಅದಕ್ಕೂ ಅವರು ಕಂಡುಕೋ ಅಂದು, ಕೊನೆಗೆ ದಾರಿಯನ್ನು ಮಗಳೇ ಕಂಡುಕೊಂಡು ಅವರನ್ನು ಮನೆ ಮುಟ್ಟಿಸಿದಳು. ದಾರಿ ಶಾಲೆಯ ಪಕ್ಕದಿಂದಲೇ ಹೋಗುತ್ತಿತ್ತು. ಒಳಗೆ ಆಟದ ಹೊತ್ತು. ಮಗಳು ಕಂಬಿ ಹಿಡಿದು ನಿಂತವಳು ಅಲ್ಲಾಡಲಿಲ್ಲ.

"ಏನು ನೋಡ್ತಿದ್ದೀಯೇ?"

"ಕಂಡುಕೊಳ್ತಿದ್ದೀನಿ," ಎಂದಳು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಆದರೆ ನಮ್ಮವರಿಗೆ ಬಾಯಿ ಇತ್ತು, ಬೀದಿಯ ಕೊನೆಯಲ್ಲಿ ಬೇಕರಿ ಇತ್ತು. ಬೇಕರಿಯ ಕಟ್ಟೆ ಮೇಲೆ ಟೀ ಕುಡಿಯುತ್ತ ಅವರು ಕೊಚ್ಚಿದ ಬಡಾಯಿಗೆ ಒಲೆಯಲ್ಲಿದ್ದ ಬ್ರೆಡ್ಡು ಕೂಡ ಉಬ್ಬಬೇಕು. "ನಾಲ್ಕು ಗೋಡೆ ಮಧ್ಯೆ ಏನಿದೆ ಹೇಳಿ? ನನ್ನ ಮಗಳು ಒಂದೇ ದಿನದಲ್ಲಿ ಒಂದು ವರ್ಷದ್ದು ಕಲಿತಳು. ನಾನು ಬಾಯಿ ಕೂಡ ಬಿಡಲಿಲ್ಲ!" ಕೊನೆಯ ಮಾತಂತೂ ಸತ್ಯವೇ ಆಗಿತ್ತು.

ಅದೇ ಹೊತ್ತಿಗೆ ಶಾಲೆಗಳಿಗೆಲ್ಲ ನಡುವಿನ ರಜೆ ಬಂತು. ಮಕ್ಕಳು ಮನೆ ಸೇರಿದವು. ಮನೆಯಲ್ಲಿ ಮಕ್ಕಳಿದ್ದರೆ ದೊಡ್ಡವರಿಗೆ ಏನಾಗುತ್ತದೆ ಅಂತ ಬಲ್ಲವರೇ ಬಲ್ಲರು. ರಜೆಯ ಮೊದಲ ದಿನವೇ ಕೆಳಮನೆಯ ಟೈಲರಕ್ಕ ತನ್ನ ಅವಳಿ ಗಂಡುಮಕ್ಕಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

"ಅಣ್ಣ, ಹೇಗೂ ಹೊರಗಡೆ ಹೋಗ್ತೀರಲ್ಲ. ಇವರನ್ನೂ ಕರ್ಕೊಂಡು ಹೋಗಿ. ತುಂಬಾ ಸಾಧು ಮಕ್ಕಳು." ಇಷ್ಟು ಹೇಳುವುದರೊಳಗೆ ಒಂದು ಸಾಧು ಕಿಟಕಿ ಹತ್ತಿತ್ತು, ಇನ್ನೊಂದು ಸಾಧು ಫ್ಲಾಸ್ಕಿನ ಮುಚ್ಚಳ ತಲೆಗೆ ಹಾಕಿಕೊಂಡಿತ್ತು.

"ನಂಗೇನಕ್ಕ ಕಷ್ಟ? ಒಂದಕ್ಕೆ ಮೂರು," ಎಂದರು ನಮ್ಮವರು, ಜಂಬದಿಂದ.

ಮಧ್ಯಾಹ್ನದ ಹೊತ್ತಿಗೆ ಬೇಕರಿಯವನೂ ತನ್ನ ಗುಂಡುಗುಂಡಗಿನ ಮಗನನ್ನು ತಂದು ಒಪ್ಪಿಸಿದ. "ಮೇಷ್ಟ್ರೇ, ಇವನಿಗೂ ಸ್ವಲ್ಪ ಶರತ್ಕಾಲ ಹೇಳಿಕೊಡಿ." ಮೇಷ್ಟ್ರೇ ಅಂತ ಕರೆಸಿಕೊಂಡದ್ದು ಅದೇ ಮೊದಲು. ಅಂಗಡಿಯಲ್ಲಿ ಅಷ್ಟು ವರ್ಷ ಕೂತು "ಏ ಪೈಪು, ಅರ್ಧ ಇಂಚಿಂದು ಇದ್ಯಾ?" ಅಂತ ಕರೆಸಿಕೊಂಡ ಜೀವ ಅದು. ಎದೆ ಇಷ್ಟಗಲ ಆಯಿತು. ಮರುದಿನದಿಂದ ಬೀದಿಯಲ್ಲಿ ಯಾರ ಮನೆಯಲ್ಲಿ ಮಕ್ಕಳ ಗಲಾಟೆ ಜಾಸ್ತಿಯಾದರೂ ಮೇಷ್ಟ್ರ ಮನೆ ಬಾಗಿಲು ತಟ್ಟತೊಡಗಿದರು. ಮೇಷ್ಟ್ರು ಇಲ್ಲ ಅನ್ನಲಿಲ್ಲ.

ಮಗಳಿಗಂತೂ ಹಬ್ಬ. ಬೆಳಿಗ್ಗೆ ಎದ್ದವಳೇ ಬಾಲ್ಕನಿಯಲ್ಲಿ ನಿಂತು ಯಾರು ಯಾರು ಬಂದರು ಅಂತ ಕೂಗಿ ಹೇಳುವಳು. ಎರಡು ಜಡೆಯ ಗೆಳತಿಯೂ ಬರತೊಡಗಿದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಊರ ಹೊರಗಿನ ಸಿಹಿಗುಂಬಳದ ತೋಟಕ್ಕೆ ಹೊರಟರು. ಹೋಗುವಾಗ ಎಷ್ಟು ಮಕ್ಕಳಿದ್ದರು ಅಂತ ಮೇಷ್ಟ್ರು ಎಣಿಸಿರಲಿಲ್ಲ. ಬರುವಾಗ ಬೇಕರಿಯವನ ಮಗ ಇರಲಿಲ್ಲ. ತೋಟವೆಲ್ಲ ಹುಡುಕಿದರು, ಬಳ್ಳಿ ತುಳಿದು ತೋಟದವನ ಹತ್ತಿರ ಬೈಸಿಕೊಂಡರು. ಕೊನೆಗೆ ನೋಡಿದರೆ ಆ ಮಗು ಕುಂಬಳಕಾಯಿಗಳ ರಾಶಿಯ ನಡುವೆ, ಕಿತ್ತಳೆ ಬಣ್ಣದ ಸ್ವೆಟರಿನಲ್ಲಿ, ಗುಂಡಗೆ ಮುದುಡಿ ನಿದ್ದೆ ಹೋಗಿತ್ತು. ಮೇಷ್ಟ್ರು ಆ ರಾಶಿಯ ಪಕ್ಕವೇ ಮೂರು ಸಲ ಓಡಾಡಿದ್ದರು.

ಆ ಸಂಜೆಯೇ ಟೈಲರಕ್ಕನಿಂದ ಮಕ್ಕಳಿಗೆಲ್ಲ ಒಂದೇ ತರದ ಹಳದಿ ಟೋಪಿ ಹೊಲಿಸಿದರು. ಕಳೆದುಹೋಗಬಾರದಲ್ಲ.

"ಯೂನಿಫಾರ್ಮಾ?" ಎಂದಳು ಹೆಂಡತಿ.

"ಛೆ, ಛೆ! ಗುರುತಿಗೆ."

ಮರುದಿನ ಕೊರಳಲ್ಲಿ ಒಂದು ಸೀಟಿ ಬಂತು. ಸೀಟಿ ಊದಿದರೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಆಮೇಲೆ, ಹೊರಡುವ ಮುಂಚೆ ಒಬ್ಬೊಬ್ಬರ ಹೆಸರು ಕೂಗಿ ಇದ್ದಾರಾ ಅಂತ ನೋಡುವ ಪದ್ಧತಿ. ಎಲ್ಲರೂ ಒಟ್ಟಿಗೆ ಪ್ರಶ್ನೆ ಕೇಳಿ ತಲೆ ಚಿಟ್ಟು ಹಿಡಿದ ದಿನ, ಮಾತಾಡಬೇಕಾದವರು ಕೈ ಎತ್ತಬೇಕು ಎಂದಾಯಿತು. ಪಾರ್ಕಿನ ತುಂಬ ಬಿಸ್ಕತ್ತಿನ ಕಾಗದ ಚೆಲ್ಲಿ ಕಾವಲುಗಾರ ಬೈದ ದಿನ, ಬೀಳಿಸಿದವರೇ ಎತ್ತಬೇಕು ಎಂಬ ನಿಯಮ. "ಯಾರೇ ಆಗಲಿ! ಬೀಳಿಸಿದವರೇ ಎತ್ತಬೇಕು! ಏನು?" ಎಂದು ಮೇಷ್ಟ್ರು ಕೂಗಿದರೆ ಮಕ್ಕಳು "ಬೀಳಿಸಿದವರೇ ಎತ್ತಬೇಕು!" ಎಂದು ರಾಗವಾಗಿ ಒದರಬೇಕು. ಮೋಡ ಕವಿದು ಹೊರಗೆ ಹೋಗಲಾಗದ ದಿನ ಎಲ್ಲರನ್ನೂ ನಡುಮನೆಯಲ್ಲಿ ಬೆಂಚು ಹಾಕಿ ಕೂರಿಸಿದರು. ನಿಂತು ಮಾತಾಡುವಾಗ ಕೈ ಸುಮ್ಮನಿರುವುದಿಲ್ಲ ಅಂತ ಒಂದು ಕಪ್ಪು ಹಲಗೆ ಗೋಡೆಗೆ ಬಂತು.

"ಇನ್ನು ಒಂದು ಬೆಲ್ಲು ತಂದುಬಿಡಿ," ಎಂದಳು ಹೆಂಡತಿ.

ಗೇಲಿ ಅಂತ ತಿಳಿಯದೆ, "ಒಳ್ಳೇ ಮಾತು ಹೇಳಿದೆ!" ಎಂದು ಅಂಗಡಿಯಿಂದ ಒಂದು ತುಂಡು ಕಬ್ಬಿಣದ ಪೈಪು ತಂದು ಬಾಗಿಲಿಗೆ ತೂಗುಹಾಕಿ ಢಣಢಣ ಬಾರಿಸಿದರು.

ಇಷ್ಟೆಲ್ಲ ಆದ ಮೇಲೆ ಹೋಂವರ್ಕು ಇಲ್ಲದಿದ್ದರೆ ಹೇಗೆ? ರಜೆ ಮುಗಿಯುತ್ತ ಬಂದಾಗ ಮೇಷ್ಟ್ರು ಹಲಗೆಯ ಮೇಲೆ ದಪ್ಪಗೆ ಬರೆದರು: ಎಲೆ ಉದುರುವ ಕಾಲವನ್ನು ತೋರಿಸುವಂಥದ್ದು ಏನಾದರೂ ನೀವೇ ಮಾಡಿಕೊಂಡು ಬನ್ನಿ. ಬರೆಯುವಾಗ ಅವರಿಗೆ ಏನೂ ಅನ್ನಿಸಲಿಲ್ಲ. ಮಗಳು ಮಾತ್ರ ಹಲಗೆಯನ್ನೂ ಅಪ್ಪನನ್ನೂ ಒಂದು ಸಲ ನೋಡಿ ತಲೆ ಬಗ್ಗಿಸಿದಳು.

ಮರುದಿನ ಬೇಕರಿಯವನು ಮಗನ ಜೊತೆ ತಾನೇ ಬಂದ. ಅವನ ತಲೆಯ ಮೇಲೊಂದು ದೊಡ್ಡ ತಟ್ಟೆ. ತಟ್ಟೆಯ ಮೇಲೆ ಬ್ರೆಡ್ಡಿನ ಮರ! ಕಾಂಡಕ್ಕೆ ಬನ್ನು, ಕೊಂಬೆಗೆ ರಸ್ಕು, ಎಲೆಗೆ ಸಕ್ಕರೆ ಸವರಿದ ತೆಳು ಬಿಸ್ಕತ್ತು. ಬೇಕರಿಯವನು ಕಣ್ಣಿಗೆ ನಿದ್ದೆಯಿಲ್ಲದೆ ಸುಟ್ಟ ಮರ ಅದು. "ಹೇಗಿದೆ ಮೇಷ್ಟ್ರೇ?" ಎಂದು ಹಣೆ ಒರೆಸಿಕೊಂಡ.

ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ತಮ್ಮ ಗಂಟಲಿನಿಂದ ಇಷ್ಟು ಮೆಲುದನಿ ಬರುತ್ತದೆ ಅಂತ ಅವರಿಗೇ ಗೊತ್ತಿರಲಿಲ್ಲ.

"ಮಗು ಮಾಡಿದ್ದರೆ ಅಂಕ ಕೊಡ್ತಿದ್ದೆ. ಇದು ನೀವು ಮಾಡಿದ್ದು."

ಬೇಕರಿಯವನ ಮುಖ ಒಲೆಯ ಹಾಗೆ ಕೆಂಪಗಾಯಿತು. "ಏನ್ರೀ ಅಂದ್ರಿ? ಬೆಳಗಿನ ಜಾವ ಎದ್ದು ಮಾಡಿದ್ದೀನ್ರೀ! ನೀವ್ಯಾರ್ರೀ ಅಂಕ ಕೊಡೋಕೆ, ನಲ್ಲಿ ತಿರುವೋರು! ಇಂಥ ಶಾಲೆಗೆ ನನ್ನ ಮಗನ್ನ ಕಳಿಸಲ್ಲ!"

"ಕಳಿಸಬೇಡಿ!"

"ಇದನ್ನ ಇಲ್ಲಿಗೇ ಬಿಡಲ್ಲ! ಯಾರ ಪರ್ಮಿಶನ್ ತಗೊಂಡು ಶಾಲೆ ನಡೆಸ್ತಿದ್ದೀರಿ ಅಂತ ಇಲಾಖೇಲೇ ಕೇಳ್ತೀನಿ!" ಎಂದು ಕೂಗಿ, ಮಗನ ಕೈಹಿಡಿದು ದರದರ ಹೊರಟ. ಮರ ಅಲ್ಲೇ ಉಳಿಯಿತು. ಸಾಧು ಮಕ್ಕಳಿಬ್ಬರೂ ಕಣ್ಣುಮುಚ್ಚಿ ತೆಗೆಯುವುದರೊಳಗೆ ಅದನ್ನು ಬೋಳು ಮಾಡಿದರು.

ಕೆಲಸಕ್ಕೆ ಹೊರಟಿದ್ದ ಹೆಂಡತಿ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆಕೆಗೆ ನಗು ತಡೆಯಲಾಗಲಿಲ್ಲ. ಕಂಬಿ ಹಿಡಿದು ಮೆಟ್ಟಿಲ ಮೇಲೇ ಕೂತಳು. "ಅಯ್ಯೋ... ರೀ... ನೀವು ಅದೇ ಟೀಚರ್ ಆಗ್ಹೋದ್ರಲ್ರೀ!" ಎಂದು ಕಣ್ಣೊರೆಸಿಕೊಂಡಳು. ಮೇಷ್ಟ್ರು ಬಾಗಿಲು ದಢಾರನೆ ಹಾಕಿಕೊಂಡರು.

ರಜೆಯ ಕೊನೆಯ ದಿನ. ಬೀದಿಯ ಮರಗಳೆಲ್ಲ ಹೆಚ್ಚುಕಡಿಮೆ ಬೋಳು. ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ ಮಗಳು ಕೇಳಿದಳು: "ಅಪ್ಪ, ನಾಳೆ ಇವರೆಲ್ಲ ಶಾಲೆಗೆ ಹೋಗ್ತಾರೆ. ನಾನು?"

"ನಾನು ನೀನು ಇಬ್ಬರೇ, ಆರಾಮಾಗಿ ಪಾರ್ಕಿಗೆ ಹೋಗೋಣ!"

ಮಗಳ ಕಣ್ಣು ತುಂಬಿದ್ದು ಬಾಚಣಿಗೆ ಎಳೆದದ್ದಕ್ಕೆ ಅಂತ ಮೇಷ್ಟ್ರು ತಿಳಿದುಕೊಂಡರು.

ಅವತ್ತೇ ಅಧಿಕಾರಿಗಳು ಬಂದರು. ಸಣಕಲು ಮನುಷ್ಯ. ಒಣ ಎಲೆ ಕಂಡರಾಗದ ಮೂಗು. ಪಾಪ, ಬೀದಿಯ ಆ ತುದಿಯಿಂದಲೇ ಸೀನುತ್ತ ಬಂದಿದ್ದರು. ಕಂಕುಳಲ್ಲಿ ಎರಡು ಫೈಲು. ಒಳಗೆ ಕಾಲಿಟ್ಟದ್ದೇ ತಡ, ಮಕ್ಕಳೆಲ್ಲ ಹಳದಿ ಟೋಪಿ ಹಾಕಿಕೊಂಡು ಎದ್ದು ನಿಂತು "ಗುಡ್ ಮಾರ್ನಿಂಗ್ ಸಾ...ರ್!" ಎಂದು ಒಂದೇ ರಾಗದಲ್ಲಿ ಒದರಿದವು. ಮೇಷ್ಟ್ರು ಹಿಗ್ಗಿ ಹೀರೇಕಾಯಾದರು. ಅವತ್ತು ಆಸ್ಪತ್ರೆಗೆ ರಜೆ ಹಾಕಿದ್ದ ಹೆಂಡತಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಳು.

"ಮೊದಲನೇ ಫೈಲು," ಎಂದರು ಅಧಿಕಾರಿಗಳು ಸೀನಿನ ನಡುವೆ. "ನಿಮ್ಮ ಮಗಳು ಮನೆಯಲ್ಲಿ ಸರಿಯಾಗಿ ಕಲೀತಿದ್ದಾಳಾ?"

"ಸರಿಯಾಗಿ ಅಂದ್ರೇನು ಸಾರ್! ಬೆಳಿಗ್ಗೆ ಬೆಲ್ಲು. ಬೆಲ್ಲಾದ ತಕ್ಷಣ ಹಾಜರಿ. ಹಾಜರಿ ಆದ್ಮೇಲೆ ಪಾಠ. ಪಾಠ ಆದ್ಮೇಲೆ ಸಾಲಾಗಿ ಕ್ಷೇತ್ರದರ್ಶನ. ವಾರಕ್ಕೊಂದು ಹೋಂವರ್ಕು. ಶಿಸ್ತು ನೋಡಿ ಸಾರ್, ಶಿಸ್ತು!" ಎಂದು ಸೀಟಿ ಊದಿದರು. ಮಕ್ಕಳು ಸಾಲಾಗಿ ನಿಂತವು. ಬಾಗಿಲ ಬೆಲ್ಲನ್ನೂ ಒಂದು ಸಲ ಬಾರಿಸಿ ತೋರಿಸಿದರು.

"ತುಂಬಾ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ," ಎಂದು ಅಧಿಕಾರಿಗಳು ಒಂದೂ ಬಿಡದೆ ಬರೆದುಕೊಂಡರು. ಆಮೇಲೆ ಮೊದಲನೇ ಫೈಲು ಮಡಚಿ ಎರಡನೆಯದನ್ನು ಬಿಚ್ಚಿದರು. "ಈಗ ಇದು ದೂರು. ಅನುಮತಿಯಿಲ್ಲದೆ ಶಾಲೆ ನಡೆಸ್ತಿದ್ದೀರಂತೆ. ಬೆಲ್ಲು ಬಾರಿಸ್ತೀರಂತೆ, ಹಾಜರಿ ತಗೋತೀರಂತೆ, ಪಾಠ ಮಾಡ್ತೀರಂತೆ..."

ಮೇಷ್ಟ್ರು ಕೊರಳಿನ ಸೀಟಿಯನ್ನು ಮೆಲ್ಲಗೆ ಅಂಗಿಯೊಳಗೆ ಇಳಿಬಿಟ್ಟರು. "ಯಾರು ಸಾರ್ ಹಾಗಂದಿದ್ದು?"

"ಬೇಕರಿಯವರು ಅಂದರು. ಆಮೇಲೆ ಈಗ ನೀವೂ ಅಂದ್ರಲ್ಲ."

"ಅದು... ಸುಮ್ನೆ ಬಾಯಿಮಾತಿಗೆ ಅಂದೆ ಸಾರ್! ಇಲ್ಲಿ ಪಾಠ ಗೀಠ ಏನಿಲ್ಲ. ಮಕ್ಕಳು ಬರ್ತವೆ, ಬಿಸ್ಕತ್ತು ತಿಂತವೆ, ಹೋಗ್ತವೆ. ಒಂದಕ್ಷರ ಹೇಳಿಕೊಟ್ಟಿಲ್ಲ, ಆಣೆ ಮಾಡಿ ಹೇಳ್ತೀನಿ!"

"ಏನೂ ಹೇಳಿಕೊಟ್ಟಿಲ್ವಾ?" ಅಧಿಕಾರಿಗಳು ಮತ್ತೆ ಮೊದಲನೇ ಫೈಲಿಗೆ ಕೈಹಾಕಿದರು. "ಹಾಗಾದ್ರೆ ನಿಮ್ಮ ಮಗಳು..."

"ಅವಳಿಗೆ ಹೇಳಿಕೊಟ್ಟಿದ್ದೀನಿ ಸಾರ್! ಇವರಿಗೆ ಹೇಳಿಕೊಟ್ಟಿಲ್ಲ."

"ಎಲ್ಲರೂ ಒಟ್ಟಿಗೇ ಕೂತಿದ್ದಾರಲ್ರೀ?"

"ಇವರು ಕಿವಿ ಮುಚ್ಕೊಂಡಿರ್ತಾರೆ ಸಾರ್!"

ಸಾಧು ಮಕ್ಕಳಿಬ್ಬರೂ ತಕ್ಷಣ ಕಿವಿ ಮುಚ್ಚಿಕೊಂಡರು. ಅಷ್ಟು ಹೊತ್ತಿಗೆ ವಿಷಯ ತಿಳಿದು ಟೈಲರಕ್ಕ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಏದುಸಿರು ಬಿಡುತ್ತ ಬಂದಳು. ಮೇಷ್ಟ್ರ ಪರವಾಗಿ ನಾಲ್ಕು ಒಳ್ಳೆ ಮಾತು ಆಡಬೇಕಲ್ಲ!

"ಸಾರ್, ಆ ಬೇಕರಿಯವನ ಮಾತು ಕೇಳಬೇಡಿ! ಇಂಥ ಶಾಲೆ ಎಲ್ಲೂ ಸಿಗಲ್ಲ! ಯೂನಿಫಾರ್ಮು ನಾನೇ ಹೊಲಿದಿದ್ದು!"

"ಅಕ್ಕಾ, ಸುಮ್ನಿರಕ್ಕ," ಎಂದು ಮೇಷ್ಟ್ರು ಕೈಮುಗಿದರು.

"ನೀವು ಸುಮ್ನಿರಿ ಅಣ್ಣ, ನಿಮಗೆ ನಾಚಿಕೆ ಸ್ವಭಾವ. ಸಾರ್, ಮುಂದಿನ ವರ್ಷಕ್ಕೆ ನಮ್ಮ ತಂಗಿ ಮಗಳಿಗೂ ಇಲ್ಲೇ ಅಡ್ಮಿಷನ್ನು ಹೇಳಿಟ್ಟಿದ್ದೀನಿ!"

ಅಧಿಕಾರಿಗಳು ಅಡ್ಮಿಷನ್ನು ಅಂತ ಬರೆದುಕೊಂಡು, ಅಡಿಗೆ ಗೆರೆ ಎಳೆದು, ಒಂದು ದೊಡ್ಡ ಸೀನು ಸೀನಿದರು. ಮೇಷ್ಟ್ರ ಬೆವರು ಸೀಟಿಯೊಳಕ್ಕೆ ಇಳಿಯುತ್ತಿತ್ತು. ಮಗಳು ಕಲಿತಿದ್ದಾಳೆ ಅಂದರೆ ಇದು ಕಳ್ಳ ಶಾಲೆ. ಕಳ್ಳ ಶಾಲೆಯಲ್ಲ ಅಂದರೆ ಮಗಳು ಕಲಿತಿಲ್ಲ. ಆ ಕಡೆ ಹೋದರೆ ದಂಡ, ಈ ಕಡೆ ಹೋದರೆ ಟೀಚರು.

"ದೊಡ್ಡವರನ್ನ ಕೇಳಿ ಪ್ರಯೋಜನ ಇಲ್ಲ," ಎಂದು ಅಧಿಕಾರಿಗಳು ಕರವಸ್ತ್ರ ಮಡಚಿ ಮಗಳ ಕಡೆ ತಿರುಗಿದರು. "ನೀನು ಹೇಳಮ್ಮ. ಇದು ಶಾಲೆನಾ, ಮನೆನಾ?"

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಕಣ್ಣಲ್ಲೇ ಏನೋ ಸನ್ನೆ ಮಾಡಿದರು. ಯಾವ ಉತ್ತರ ಹೇಳಬೇಕು ಅಂತ ಅವರಿಗೇ ಗೊತ್ತಿರಲಿಲ್ಲವಾದ್ದರಿಂದ ಆ ಸನ್ನೆ ಯಾರಿಗೂ ಅರ್ಥವಾಗಲಿಲ್ಲ.

"ಶಾಲೆ ತರಾನೇ ಸಾರ್," ಎಂದಳು ಮಗಳು. "ಬೆಲ್ಲಿದೆ. ಸಾಲಿದೆ. ಟೋಪಿ ಇದೆ. ಹೋಂವರ್ಕೂ ಇದೆ. ಟೀಚರ್ ಒಬ್ಬರಿಲ್ಲ ಅಷ್ಟೆ."

ಟೈಲರಕ್ಕ ಬಾಯಿಗೆ ಕೈ ಇಟ್ಟುಕೊಂಡಳು.

"ಏನು ಕೇಳಿದ್ರೂ ಅಪ್ಪ ನೀನೇ ಕಂಡುಕೋ ಅಂತಾರೆ. ಎಷ್ಟೂಂತ ನಾನೊಬ್ಬಳೇ ಕಂಡುಕೊಳ್ಳಲಿ?" ಮಗಳ ತುಟಿ ಅದುರಿತು. "ಆಮೇಲೆ ನಾಳೆಯಿಂದ ಇವರ್ಯಾರೂ ಬರಲ್ಲ. ನಂಗೆ ನಮ್ಮ ಟೀಚರ್ ಬೇಕು."

ಹೇಳಿ ಮುಗಿಸಿ ಜೋರಾಗಿ ಅಳತೊಡಗಿದಳು. ಎರಡು ಜಡೆಯ ಗೆಳತಿಯೂ ಜೊತೆಗೆ ಅತ್ತಳು. ನಮ್ಮ ಮೇಷ್ಟ್ರಿಗೆ ಆ ಕ್ಷಣ ಇಲಾಖೆ, ಫೈಲು, ದಂಡ ಎಲ್ಲ ಮರೆತುಹೋಯಿತು. ಮಗಳು ಅಳುವುದನ್ನು ಅವರಿಂದ ನೋಡಲಾಗಲಿಲ್ಲ. ಕೊರಳಿನ ಸೀಟಿ ತೆಗೆದು ಬೆಂಚಿನ ಮೇಲಿಟ್ಟರು. ಹೆಂಡತಿ ನಗುತ್ತಾಳೇನೋ ಅಂತ ಅಡುಗೆಮನೆ ಕಡೆ ನೋಡಿದರೆ ಆಕೆ ನಗುತ್ತಿರಲಿಲ್ಲ.

ಅಧಿಕಾರಿಗಳು ಮಾತ್ರ ಬಹಳ ಸಂತೋಷದಲ್ಲಿದ್ದರು. ಎರಡು ಫೈಲು ಒಂದೇ ಮಾತಿಗೆ ಮುಗಿಯುವುದು ಸರಕಾರಿ ನೌಕರಿಯಲ್ಲಿ ದಿನಾ ಆಗುವ ಸಂಗತಿಯಲ್ಲ. "ಟೀಚರ್ ಇಲ್ಲ, ಆದ್ದರಿಂದ ಶಾಲೆ ಅಲ್ಲ. ದೂರು ವಜಾ. ಟೀಚರ್ ಇಲ್ಲ, ಆದ್ದರಿಂದ ಕಲಿಕೆಯೂ ಇಲ್ಲ. ಮನೆಪಾಠದ ಅನುಮತಿ ರದ್ದು. ನಾಳೆ ಬೆಳಿಗ್ಗೆ ಮಗೂನ ಅದೇ ಶಾಲೆಗೆ ಬಿಟ್ಟುಬನ್ನಿ. ನೀವೇ ಹೋಗಿ ಬಿಡಬೇಕು," ಎಂದು ಹೇಳಿ, ಎರಡೂ ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು, ಸೀನುತ್ತ ಮೆಟ್ಟಿಲಿಳಿದರು.

ಮಾರನೆಯ ಬೆಳಿಗ್ಗೆ ಮೇಷ್ಟ್ರಿಗೆ, ಅಲ್ಲ, ಪೈಪಿನಂಗಡಿಯವರಿಗೆ, ಹೊಟ್ಟೆ ನೋವು ಬಂತು. ಆಮೇಲೆ ಕಾಲು ನೋವು. ಹೆಂಡತಿ, "ರಕ್ತ ಕೊಡಿ, ಪರೀಕ್ಷೆ ಮಾಡ್ತೀನಿ," ಎಂದಾಗ ಎರಡೂ ವಾಸಿಯಾಯಿತು. ಮಗಳು ಆಗಲೇ ಚೀಲ ಹಾಕಿಕೊಂಡು ಬಾಗಿಲಲ್ಲಿದ್ದಳು. ದಾರಿಯುದ್ದಕ್ಕೂ ಅವಳು ಮುಂದೆ, ಇವರು ಹಿಂದೆ.

ತರಗತಿಯ ಬಾಗಿಲಲ್ಲಿ ಮಗಳನ್ನು ಒಳಗೆ ತಳ್ಳಿ, ಮುಖ ತೋರಿಸದೆ ಜಾರಿಕೊಳ್ಳೋಣ ಅಂತ ಅವರ ಲೆಕ್ಕಾಚಾರ. ಆದರೆ ಟೀಚರು ಬಾಗಿಲಲ್ಲೇ ನಿಂತಿದ್ದರು. ಅವರ ಪಕ್ಕದಲ್ಲೇ ಅದೂ ನಿಂತಿತ್ತು. ಮರ! ಬಾಗಿಲ ಹಿಂದಿನಿಂದ ಮುಂದಕ್ಕೆ ಬಂದಿತ್ತು. ಅದರ ಕೊಂಬೆಗಳಿಗೆಲ್ಲ ಮಕ್ಕಳ ಟೋಪಿ, ಮಫ್ಲರು, ಚೀಲ. ಎಲೆಗಳು ಹಾಗೇ ಇದ್ದವು.

"ಬನ್ನಿ," ಎಂದರು ಟೀಚರು, ಅದೇ ಮೆಲುದನಿ. ಮಗಳ ತಲೆ ಸವರಿ ಒಳಗೆ ಕಳಿಸಿದರು. "ನಿಮ್ಮ ಮರ ಬಹಳ ಉಪಯೋಗಕ್ಕೆ ಬಂತು. ಗಟ್ಟಿಯಾಗಿದೆ. ಹೊರಗೆ ಮರಗಳೆಲ್ಲ ಬೋಳಾದವು, ಇದರದ್ದು ಒಂದು ಎಲೆಯೂ ಉದುರಿಲ್ಲ."

ಹೊಗಳಿಕೆಯೋ ಗೇಲಿಯೋ ತಿಳಿಯದೆ ನಮ್ಮವರು ನಿಂತಲ್ಲೇ ಒದ್ದಾಡಿದರು. ಅಂಗಡಿಯಲ್ಲಿ ಕೂತವನ ಕೈ ಸುಮ್ಮನಿರುತ್ತದೆಯೇ? ತಾನಾಗಿಯೇ ಹೋಗಿ ಬುಡದ ಹಿತ್ತಾಳೆ ನಲ್ಲಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿತು.

ರಜೆಗೆ ಮುಂಚೆಯೂ ಈಗಲೂ ಚೀಲಗಳ ಭಾರಕ್ಕೆ ಜಗ್ಗಿ ಜಗ್ಗಿ ಗಮ್ಮು ಬಿರಿದಿತ್ತೋ ಏನೋ. ಒಳಗೆಲ್ಲೋ ಟಪ್ ಅಂತ ಸದ್ದಾಯಿತು. ಅಷ್ಟೇ. ಎಲೆಗಳೆಲ್ಲ ಒಂದೇ ಸಲಕ್ಕೆ ಬಿಟ್ಟುಕೊಂಡು ಝರ್ರನೆ ಸುರಿದವು. ಅವರ ತಲೆ ಮೇಲೆ, ಟೀಚರ ಹೆಗಲ ಮೇಲೆ, ಬಾಗಿಲಿಂದ ಮೊದಲ ಬೆಂಚಿನವರೆಗೆ ನೆಲದ ತುಂಬ ಕೆಂಪು, ಹಳದಿ, ಕಂದು. ಇಡೀ ತರಗತಿ ಹೋ ಎಂದು ಚಪ್ಪಾಳೆ ತಟ್ಟಿತು.

ಟೀಚರು ಹೆಗಲ ಮೇಲಿನ ಎಲೆಯೊಂದನ್ನು ಎತ್ತಿ ಹಿಡಿದು ಮಕ್ಕಳನ್ನು ಕೇಳಿದರು: "ಎಲೆ ಯಾಕೆ ಉದುರಿತು?"

"ಆ ಅಂಕಲ್ ನಲ್ಲಿ ತಿರುಗಿಸಿದ್ರು ಟೀಚರ್!" ಎಂದಿತು ಹಿಂದಿನ ಬೆಂಚು.

ನಮ್ಮವರಿಗೆ ಗೆಲುವೋ ಗೆಲುವು. ಕೊನೆಗೂ ಉದುರಿತು! ತಲೆ ಮೇಲೊಂದು ಕೆಂಪೆಲೆ ಇಟ್ಟುಕೊಂಡೇ ಎದೆಯುಬ್ಬಿಸಿ, "ನೋಡಿದ್ರಾ ಟೀಚರ್? ನಾನು ಅವತ್ತೇ ಹೇಳಿದ್ದೆ..." ಎಂದು ಶುರು ಮಾಡಿದರು.

"ಅಪ್ಪ," ಎಂದಳು ಮಗಳು ತನ್ನ ಬೆಂಚಿನಿಂದ. "ಬೀಳಿಸಿದವರೇ...?"

ಕೇಳಬೇಕೆ! ತರಗತಿಯ ಅರ್ಧ ಮಕ್ಕಳು ರಜೆಯೆಲ್ಲ ಅವರ ಹಿಂದೆ ಹಳದಿ ಟೋಪಿಯಲ್ಲಿ ಸುತ್ತಿದವರು. ಬೇಕರಿಯವನ ಮಗನಂತೂ ಬೆಂಚಿನ ಮೇಲೇ ಹತ್ತಿದ. "ಬೀಳಿಸಿದವರೇ ಎತ್ತಬೇಕು!" ಎಂದು ಎಲ್ಲರೂ ಕಿಟಕಿ ಗಾಜು ಅದುರುವ ಹಾಗೆ ರಾಗವಾಗಿ ಒದರಿದರು.

ಪೈಪಿನಂಗಡಿಯವರು ಟೀಚರ ಮುಖ ನೋಡಿದರು. ಟೀಚರು ಮೂಲೆಯ ಬುಟ್ಟಿಯ ಕಡೆ ನೋಡಿದರು. ನಮ್ಮವರು ಬುಟ್ಟಿ ತಂದು, ಪ್ಯಾಂಟು ಮಂಡಿಯ ಮೇಲಕ್ಕೆ ಎಳೆದುಕೊಂಡು, ಮೂರನೇ ತರಗತಿಯ ನೆಲದ ಮೇಲೆ ಅಂಬೆಗಾಲಿಟ್ಟು ಒಂದೊಂದಾಗಿ ಎಲೆ ಆರಿಸತೊಡಗಿದರು. ಪಾಠ ಶುರುವಾಯಿತು. ಎಲೆ ಯಾಕೆ ಹಳದಿಯಾಗುತ್ತದೆ, ಮರ ಅದನ್ನು ಯಾಕೆ ಬಿಟ್ಟುಕೊಡುತ್ತದೆ ಅಂತ ಟೀಚರು ಹೇಳುತ್ತ ಹೋದರು. ಬೆಂಚುಗಳ ಸಂದಿಯಲ್ಲಿದ್ದ ನಮ್ಮವರ ಕೈ ನಡುನಡುವೆ ನಿಂತು ನಿಂತು ಮುಂದಕ್ಕೆ ಹೋಗುತ್ತಿತ್ತು. ಇದೆಲ್ಲ ಅವರಿಗೆ ಹೊಸ ವಿಷಯ.

ಬುಟ್ಟಿ ತುಂಬಿದ ಮೇಲೆ ಮೆಲ್ಲಗೆ ಕೈ ಎತ್ತಿದರು.

"ಹೂಂ, ಹೇಳಿ," ಎಂದರು ಟೀಚರು.

"ಮನೆಗೆ ಹೋಗಲಾ ಟೀಚರ್?"

"ಎಲ್ಲಾ ಎತ್ತಿದ್ರಾ?"

ಸುತ್ತ ನೋಡಿದರು. ಮಗಳ ಬೆಂಚಿನ ಕೆಳಗೆ, ಗೋಡೆಗೆ ಒತ್ತಿಕೊಂಡು ಒಂದು ಹಳದಿ ಎಲೆ ಉಳಿದಿತ್ತು. ಅವರ ಕೈಗೆ ಎಟುಕಲಿಲ್ಲ. ಮಗಳು ಬಗ್ಗಿ ಅದನ್ನು ಎತ್ತಿ ಬುಟ್ಟಿಗೆ ಹಾಕಿದಳು. ಆಮೇಲೆ ಅಪ್ಪನ ತಲೆಯ ಮೇಲೆ ಇನ್ನೂ ಕೂತಿದ್ದ ಕೆಂಪೆಲೆಯನ್ನೂ ತೆಗೆದಳು.

"ಸಂಜೆ ನೀನೇ ಬಾ ಅಪ್ಪ ಕರ್ಕೊಂಡು ಹೋಗೋಕೆ," ಎಂದು ಪಿಸುಗುಟ್ಟಿದಳು. "ಪಾರ್ಕಲ್ಲಿ ಕೇಳಿದ್ನಲ್ಲ, ಅದು ಯಾವ ಮರ ಅಂತ ದಾರೀಲಿ ಹೇಳ್ತೀನಿ."